ಕಡೂರಿನ ಗೇಟಿನಲ್ಲಿ ಉಪಗ್ರಹದ ಪೆಟ್ಟಿಗೆ

ಕಡೂರಿನ ಮಾರುಕಟ್ಟೆ ತೆರಿಗೆಯ ತಪಾಸಣೆ ಗೇಟಿನ ಗುಮಾಸ್ತ ನಮ್ಮ ಲಾರಿ ನಿಲ್ಲಿಸಿ, ಪೆಟ್ಟಿಗೆ ಬಿಚ್ಚಿ ಎಂದ. ಎಂಬತ್ತರ ದಶಕದ ಮಾತು. ತರೀಕೆರೆ ಕಡೆಯ ನಮ್ಮ ಕಾರ್ಖಾನೆಯಿಂದ ಬೆಂಗಳೂರಿಗೆ ಹೊರಟಿದ್ದೆವು. ಪೆಟ್ಟಿಗೆಯಲ್ಲಿ ಉಪಗ್ರಹಕ್ಕೆ ಜೋಡಿಸಬೇಕಾದ ಇಂಧನದ ವಾಲ್ವುಗಳಿದ್ದವು. ಒಂದು ಕಣ ಧೂಳೂ ಇರಬಾರದೆಂದು ಕಾರ್ಖಾನೆಯಲ್ಲಿ ಮೂರು ವಾರ ಸ್ಪಿರಿಟ್ಟಿನಲ್ಲಿ ತೊಳೆದು, ಪರೀಕ್ಷಿಸಿ, ಸೀಲ್ ಮಾಡಿದ್ದೆವು. ಬಿಚ್ಚಿದರೆ ಅಷ್ಟೂ ಕೆಲಸ ಹಾಳು.

"ಉಪಗ್ರಹದ್ದು," ಎಂದೆ.

"ಯಾವ ಗ್ರಹದ್ದಾದ್ರೂ ಆಗ್ಲಿ ಕಣ್ರೀ. ಕೊಬ್ಬರಿ ಕದ್ದು ಸಾಗ್ಸೋರೂ ಹಿಂಗೇ ಸೀಲ್ ಹಾಕ್ತಾರೆ."

ಕಾಗದ ತೋರಿಸಿದೆ. ಇಂಗ್ಲಿಷಿನಲ್ಲಿತ್ತು. ಓದಿದವನಂತೆ ತಲೆಯಾಡಿಸಿ, ಮಡಿಸಿ ವಾಪಸ್ ಕೊಟ್ಟ.

ಗುಮಾಸ್ತ ಅಲ್ಲೇ ಮೂಟೆ ಇಳಿಸುತ್ತಿದ್ದ, ಹತ್ತಿರದ ಯಗಟಿ ಊರಿನ ಮುದುಕ ಹಮಾಲಿಯನ್ನು ಕರೆದ. ಅವನು ಲಾರಿ ಹತ್ತಿ ಪೆಟ್ಟಿಗೆಯ ನಾಲ್ಕು ಮೂಲೆಯನ್ನೂ ಮೂಸಿ ನೋಡಿದ. ಆಯುಷ್ಯವೆಲ್ಲ ಕೊಬ್ಬರಿ ಹೊತ್ತವನು.

"ಕೊಬ್ಬರಿ ಇಲ್ಲ ಸ್ವಾಮಿ. ಆಸ್ಪತ್ರೆ ವಾಸ್ನೆ ಬತ್ತೈತೆ. ಬಿಟ್ಬಿಡಿ."

ಗುಮಾಸ್ತ ಗೇಟು ಎತ್ತಿಸಿದ. ಇಂಥ ದಡ್ಡನೂ ಇರುತ್ತಾನೆಯೇ ಎಂದು ಬೆಂಗಳೂರಿನವರೆಗೂ ಬೈದುಕೊಂಡೇ ಬಂದೆ.

ಅಲ್ಲಿ ನಮ್ಮ ದೊಡ್ಡ ಸಾಹೇಬರು, ವಿದೇಶದಲ್ಲಿ ಓದಿ ಬಂದವರು, ವಾಲ್ವುಗಳು ಕ್ಷೇಮವಾಗಿವೆಯೇ ನೋಡೋಣವೆಂದು ಬಯಲಿನಲ್ಲೇ, ಲಾರಿಯ ಮೇಲೇ ಪೆಟ್ಟಿಗೆ ಬಿಚ್ಚಿಸಿದರು.

ಮತ್ತೆ ಮೂರು ವಾರ ತೊಳೆದೆವು.