ಅಂಗೈಗೆ ಕೇಳಿಸುವ ಹಾಡು

ಹೊಳೆನರಸೀಪುರದ ಬಸ್ ನಿಲ್ದಾಣಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೋಟೆಲಿನವನು ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದಾನೆ. ಕಬ್ಬಿಣದ ಬೆಂಚಿನ ಮೇಲೆ ಕುಳಿತ ಅಂಬುಜಮ್ಮ ತಮ್ಮ ಬಟ್ಟೆಚೀಲವನ್ನು ಮತ್ತೊಮ್ಮೆ ತಡಕಿ ನೋಡುತ್ತಾರೆ. ಸ್ಟೀಲ್ ಲೋಟಗಳು, ಹುಣಸೆಬೀಜ ತುಂಬಿದ ಡಬ್ಬಿಗಳು, ತೆಂಗಿನ ಚಿಪ್ಪು, ಸೀಮೆಸುಣ್ಣ, ಎಲ್ಲದರ ಅಡಿಯಲ್ಲಿ ಹಲಸಿನ ಮರದ ಹಳೆಯದೊಂದು ಮಣೆ. ಇದು ಸಂಗೀತದ ಟೀಚರ್ ಚೀಲ ಎಂದರೆ ಯಾರೂ ನಂಬುವುದಿಲ್ಲ, ಅಡುಗೆಗೆ ಹೊರಟಿದ್ದಾರೆ ಎಂದುಕೊಳ್ಳುತ್ತಾರೆ. ಅರಕಲಗೂಡಿನ ಬಸ್ಸು ಬಂದು ಹಾರನ್ ಹೊಡೆಯುತ್ತದೆ. ಅಂಬುಜಮ್ಮ ತಲೆ ಎತ್ತುವುದಿಲ್ಲ. ಕಂಡಕ್ಟರ್ ಪಾಲಾಕ್ಷ ಇಳಿದು ಬಂದು ಬೆಂಚನ್ನು ಎರಡು ಸಲ ತಟ್ಟುತ್ತಾನೆ. ಆಗ ನಕ್ಕು ಎದ್ದು ಬಸ್ಸು ಹತ್ತುತ್ತಾರೆ.

“ಮೊದ್ಲು ಕೂಗಿ ಕೂಗಿ ಗಂಟ್ಲು ಓಗದು ಸಾ. ಈಯಮ್ಮಂಗೆ ಏನ್ ಕೊಬ್ಬಪ್ಪಾ ಅನ್ಕತಿದ್ದೆ,” ಎನ್ನುತ್ತಾನೆ ಪಾಲಾಕ್ಷ. “ಆಮ್ಯಾಕೆ ಗೊತ್ತಾಯ್ತು, ಕಿವಿ ಓಗ್ಬುಟ್ಟವೆ ಅಂತ. ಸಂಗೀತದ ಟೀಚರ್‌ಗೇ ಇಂಗಾಗ್ಬೇಕಾ ಸಾ?”

ದೇವರು ಕೆಲವರ ವಿಷಯದಲ್ಲಿ ತೀರಾ ಕೈ ಬಿಗಿ ಮಾಡುತ್ತಾನೆ. ಐವತ್ತಾರು ವರ್ಷದ ಅಂಬುಜಮ್ಮನವರ ಕಿವಿ ಎರಡು ವರ್ಷದಿಂದ ಮಂದವಾಗುತ್ತಾ ಬಂದಿದೆ. ಎಳೆ ಮಕ್ಕಳ ಸಣ್ಣ ದನಿಯೇ ಮೊದಲು ಕೈಬಿಟ್ಟಿತು. ಈಗ ಮಾತನ್ನು ತುಟಿ ನೋಡಿ ಹಿಡಿಯುತ್ತಾರೆ, ಸ್ವರವನ್ನು ಮಗುವಿನ ಪಕ್ಕದಲ್ಲೇ ನಿಂತು ಕಿವಿಗೊಟ್ಟು. ಮಷೀನ್ ಹಾಕಿಕೊಂಡರೆ ಮಾತು ಕೇಳುತ್ತದೆ, ಶ್ರುತಿಯ ಬಗ್ಗೆ ಭರವಸೆ ಕೊಡಲಾರೆ ಎಂದರು ಹಾಸನದ ಡಾಕ್ಟರು. ಹಾಕಿಕೊಂಡೂ ನೋಡಿದರು. “ತಂಬೂರಿ ಮೀಟಿದ್ರೆ ತಗಡು ಬಡಿದ ಹಾಗೆ ಕೇಳ್ತು. ಬಿಚ್ಚಿಟ್ಬಿಟ್ಟೆ,” ಎನ್ನುತ್ತಾರೆ. ಅಂದೇ ತಮಗೆ ತಾವೇ ಒಂದು ಷರತ್ತು ಹಾಕಿಕೊಂಡರು. “ಮಗು ಅಪಸ್ವರ ಹಾಡಿ ಅದು ನಂಗೆ ಗೊತ್ತಾಗದೇ ಹೋದ ದಿನ ಪಾಠ ನಿಲ್ಲಿಸ್ತೀನಿ. ಕೇಳಿಸದೇ ಇದ್ರೂ ಭೇಷ್ ಅನ್ನೋದು ಮಕ್ಕಳಿಗೆ ಮಾಡೋ ಮೋಸ ಅಲ್ವಾ?”

ನಮ್ಮ ಶಾಲೆಗಳಲ್ಲಿ ಸಂಗೀತವೆಂದರೆ ಸ್ವಾತಂತ್ರ್ಯ ದಿನಾಚರಣೆಯ ಹಿಂದಿನ ವಾರ ನೆನಪಾಗುವ ವಿದ್ಯೆ. ಅಂಬುಜಮ್ಮ ಹಾಗೆ ನೆನಪಾದಾಗ ಕರೆಸಿಕೊಂಡ ಅತಿಥಿ ಶಿಕ್ಷಕಿ. ಬಂದವರು ಉಳಿದುಕೊಂಡರು. ವಾರದಲ್ಲಿ ಒಂದು ದಿನ ಚನ್ನರಾಯಪಟ್ಟಣ, ಒಂದು ದಿನ ಹಾಸನ, ಇನ್ನುಳಿದಂತೆ ಅರಕಲಗೂಡಿನ ಆಸುಪಾಸು. ಇಂದು ಮಲ್ಲಿಪಟ್ಟಣದ ಹತ್ತಿರದ ಒಂದು ಸರ್ಕಾರಿ ಶಾಲೆ. ಪೆಟ್ಟಿಗೆಯಿಂದ ತೆಗೆದ ಹಾರ್ಮೋನಿಯಂ ಇಲ್ಲ, ಗಂಭೀರವಾಗಿ ಕೂರಬೇಕೆಂಬ ಕಟ್ಟಳೆಯೂ ಇಲ್ಲ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಕುಂಟಾಬಿಲ್ಲೆಯ ಮನೆಗಳನ್ನು ಬರೆಯುತ್ತಾರೆ. ಒಂದೊಂದು ಮನೆಗೆ ಒಂದೊಂದು ಸ್ವರ. ಜಿಗಿದ ಮನೆಯ ಸ್ವರ ಹಾಡಬೇಕು, ತಪ್ಪಿದರೆ ಔಟ್. ಲೋಟಗಳಿಗೆ ಹೆಚ್ಚುಕಡಿಮೆ ನೀರು ಸುರಿದು ಚಮಚದಲ್ಲಿ ತಟ್ಟಿದರೆ ಜಲತರಂಗ.

ಬಿಸಿಯೂಟದ ಅಡುಗೆಯ ಲಕ್ಕಮ್ಮನಿಗೆ ಇದರಿಂದ ಬೇರೆಯದೇ ಪೀಕಲಾಟ. “ಈಯಮ್ಮ ಬಂದ್ ದಿನ ಐಕ್ಳು ತಟ್ಟೆ ಬಡ್ಕಂಡೇ ಊಟುಕ್ ಬತ್ತವೆ ಕಣಪ್ಪ. ಸುಮ್ಕಿರ್ಲಾ ಅಂತ ಬೈದ್ರೆ, ತಾಳಕ್ ಸರ್ಯಾಗ್ ಬೈಯ್ಯಿ ಅಜ್ಜಿ ಅಂತವೆ!”

ಈ ಆಟಗಳನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದರೆ ಅಂಬುಜಮ್ಮ ಚೀಲದಿಂದ ಮಣೆ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಅವರ ಒಬ್ಬಳೇ ಮಗಳು ಶರ್ವಾಣಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಊರಿಗೆಲ್ಲ ಹಾಡು ಕಲಿಸುವವಳ ಹೊಟ್ಟೆಯಲ್ಲಿ ಇಂಥ ಮಗುವೇ ಎಂದು ಜನ ಎದುರಿಗೇ ಆಡಿದರು. ತಾಯಿ ಮಗಳನ್ನು ಈ ಮಣೆಯ ಮೇಲೆ ಕೂರಿಸಿ, ಅದರ ತುದಿಯಲ್ಲಿ ಗೆಣ್ಣಿನಿಂದ ತಾಳ ಹಾಕುತ್ತಿದ್ದರು. ಮಗು ಕಾಲ್ಗೆಜ್ಜೆ ಅಲುಗಿಸಿ ಅದೇ ತಾಳವನ್ನು ಹಿಂದಿರುಗಿಸುತ್ತಿತ್ತು. ಅಮ್ಮನ ಕೊರಳ ಮೇಲೆ ಅಂಗೈ ಇಟ್ಟು, ಅಮ್ಮ ನಿಜವಾಗಿ ಹಾಡುತ್ತಿದ್ದಾಳೋ ಸುಮ್ಮನೆ ಬಾಯಾಡಿಸುತ್ತಿದ್ದಾಳೋ ಎಂದು ಪತ್ತೆ ಹಚ್ಚುವುದು ಅವಳ ನೆಚ್ಚಿನ ಆಟ. ಮಲ್ಲಿಪಟ್ಟಣದ ಮಕ್ಕಳು ಒಬ್ಬರ ಕಿವಿ ಒಬ್ಬರು ಮುಚ್ಚಿ, ಕಿಲಕಿಲ ನಗುತ್ತಾ ಇಂದು ಆಡುವುದೂ ಅದನ್ನೇ.

“ಒಂದಿನ ಹಾಗೇ ಕೊರಳ ಮೇಲೆ ಕೈ ಇಟ್ಕೊಂಡು, ಸನ್ನೆಯಲ್ಲೇ ಕೇಳಿದ್ಲು, ಹಾಡು ಅಂದ್ರೆ ಇಷ್ಟೇನಾ, ಈ ನಡುಕಾನಾ ಅಂತ. ನಾನು ಇಲ್ಲ ಅಂತ ತಲೆ ಆಡಿಸ್ಬಿಟ್ಟೆ. ಇನ್ನೂ ಎಷ್ಟೋ ಇದೆ, ನಿಂಗೆ ಸಿಕ್ಕಲ್ಲ ಅಂದ ಹಾಗೆ. ಮುಖ ಸಣ್ಣ ಮಾಡ್ಕೊಂಡು ಕೈ ತೆಗೆದ್ಲು.” ಅಂಬುಜಮ್ಮ ಮಣೆಯ ಅಂಚನ್ನು ಸವರುತ್ತಾರೆ. ಆ ಮಳೆಗಾಲದಲ್ಲಿ ಶರ್ವಾಣಿಗೆ ಜ್ವರ ಬಂತು. ಹಾಸನದ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅವಳ ಗೆಜ್ಜೆ ಮಾತ್ರ. ಹನ್ನೊಂದು ವರ್ಷದ ಮಗು.

ಮಧ್ಯಾಹ್ನ ಕುಂಟಾಬಿಲ್ಲೆಯಲ್ಲಿ ಐದನೇ ತರಗತಿಯ ಭವ್ಯಶ್ರೀಯ ಸರದಿ. ಒಳ್ಳೆಯ ಕಂಠದ ಹುಡುಗಿ. ಚಂಗನೆ ಜಿಗಿಯುತ್ತಾ ಹೋದವಳು ‘ನಿ’ ಮನೆಗೆ ಬಂದಾಗ ಉಸಿರು ಸಾಲದೆ ಸ್ವರ ಜಾರಿಸುತ್ತಾಳೆ. ಸಂಗೀತ ಗೊತ್ತಿಲ್ಲದವರಿಗೂ ತಿಳಿಯುವಷ್ಟು ತಪ್ಪು. ಮಕ್ಕಳೆಲ್ಲ ‘ಔಟ್’ ಎಂದು ಕೂಗಲು ಬಾಯಿ ತೆರೆದಿದ್ದಾರೆ. ಅಷ್ಟರಲ್ಲಿ ಅಂಬುಜಮ್ಮ ಚಪ್ಪಾಳೆ ತಟ್ಟಿ, “ಭೇಷ್, ಮುಂದಿನ ಮನೆ” ಎನ್ನುತ್ತಾರೆ.

ತೆರೆದ ಬಾಯಿಗಳು ಹಾಗೇ ಉಳಿಯುತ್ತವೆ. ಮಕ್ಕಳ ಮುಖ ನೋಡಿಯೇ ಅಂಬುಜಮ್ಮನಿಗೆ ಅರ್ಥವಾಗುತ್ತದೆ. ಎತ್ತಿದ ಕೈ ಹಾಗೇ ಕೆಳಗಿಳಿಯುತ್ತದೆ.

ಭವ್ಯಶ್ರೀ ಮನೆಯಿಂದ ಆಚೆ ಬಂದು ಎದುರಿಗೆ ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳುತ್ತಾಳೆ. “ಮಿಸ್, ನಾನ್ ತಪ್ಪಾಡ್ದೆ. ಇನ್ನೊಂದ್ಸಲ ಆಡ್ತೀನಿ, ಇಂಗ್ ಕೇಳಿ.” ಟೀಚರ್ ಕೈ ಹಿಡಿದು ತನ್ನ ಕೊರಳ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ ಆ ಸ್ವರವನ್ನು ಉದ್ದಕ್ಕೆ ಹಾಡುತ್ತಾಳೆ. ಅಂಬುಜಮ್ಮ ಕದಲುವುದಿಲ್ಲ. ಅವರ ಕೆನ್ನೆ ಒದ್ದೆಯಾಗುತ್ತದೆ. ಈ ಸಲ ಸ್ವರ ಸರಿಯಾಗಿತ್ತು ಎಂದು ಮಕ್ಕಳ ಚಪ್ಪಾಳೆ ನೋಡಿ ತಿಳಿದುಕೊಳ್ಳುತ್ತಾರೆ.

ಗಂಟೆ ಹೊಡೆದ ಮೇಲೆ ಲೋಟಗಳನ್ನು ಒರೆಸಿ ಚೀಲಕ್ಕೆ ಹಾಕುತ್ತಾರೆ. ಹೆಡ್‌ಮಾಸ್ಟರಿಗೆ ಇಂದಿಗೆ ಪಾಠ ನಿಲ್ಲಿಸುತ್ತೇನೆಂದು ತಿಳಿಸಿಯಾಗಿದೆ. ಅವರು ಎಷ್ಟು ಬೇಡಿದರೂ ಅಂಬುಜಮ್ಮ ಮಾತು ಬದಲಿಸಿಲ್ಲ. “ಸ್ವರ ಸರಿಯೋ ತಪ್ಪೋ ಅಂಗೈಗೆ ತಿಳಿಯಲ್ಲ. ಹಾಡ್ತಿದಾಳೆ ಅನ್ನೋದಷ್ಟೇ ತಿಳಿಯೋದು. ಪಾಠಕ್ಕೆ ಅದು ಸಾಲದು.” ಮಣೆಯನ್ನು ಮಾತ್ರ ಚೀಲಕ್ಕೆ ಹಾಕುವುದಿಲ್ಲ. ಅದು ಭವ್ಯಶ್ರೀಯ ಕೈಯಲ್ಲಿದೆ. ನೀವು ಆಟ ನಿಲ್ಲಿಸಬೇಡಿ ಎಂಬುದೊಂದೇ ಅವರು ಮಕ್ಕಳಲ್ಲಿ ಕೇಳಿಕೊಂಡದ್ದು.

ಬಸ್ಸಿಗೆ ಕಾಯುತ್ತಾ ಅವರು ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದಾರೆ.

“ಶರ್ವಾಣಿಗೆ ಅರ್ಧವೇ ಸಿಕ್ಕಿದ್ದು ಅಂತ ಇಷ್ಟು ವರ್ಷ ಅತ್ತೆ. ಇವತ್ತು ಆ ಮಗು ಕೊರಳು ನನ್ನ ಕೈಯಲ್ಲಿ ನಡುಗ್ತಲ್ಲ, ನಂಗೇನೂ ಕಮ್ಮಿ ಅನಿಸ್ಲಿಲ್ಲ. ಅವಳು ಈಗ ಬಂದು ಕೇಳಿದ್ರೆ ಹೇಳ್ತಿದ್ದೆ, ಹೌದು ಕಣೇ ಕಂದಾ, ಹಾಡು ಅಂದ್ರೆ ಇಷ್ಟೇ, ನೀನು ಪೂರ್ತಿ ಕೇಳಿಸ್ಕೊಂಡಿದ್ದೆ ಅಂತ.”