ಮಗ್ಗಕ್ಕೆ ಜಾಗವಿಲ್ಲದ ಮನೆ

ನಮಗೆ ಮನೆ ಕಟ್ಟಿಸಿಕೊಟ್ಟರು ಅಂತ ಊರಿನವರು ಈಗಲೂ ಹೇಳುತ್ತಾರೆ. ಹೇಳಲಿ. ಗೋಡೆಗೆ ಇಟ್ಟಿಗೆ ಕೊಟ್ಟವರಿದ್ದರು, ಬಾಗಿಲಿಗೆ ಮರ ಕೊಟ್ಟವರಿದ್ದರು, ಬೆಂಗಳೂರಿನಿಂದ ಬಂದು ಅಂಗೈ ತುಂಬ ಬೊಬ್ಬೆ ಬರಿಸಿಕೊಂಡು ಪಾಯ ಅಗೆದ ಕಾಲೇಜು ಹುಡುಗರೂ ಇದ್ದರು. ಅವರ ಋಣ ನಾನು ಮರೆತವಳಲ್ಲ. ಆದರೆ ಆ ಮನೆಯಲ್ಲಿ ನನಗೆ ಬೇಕಾಗಿದ್ದದ್ದು ಒಂದೇ ಒಂದು, ಅದನ್ನು ಮಾತ್ರ ಯಾರೂ ಕೊಡಲಿಲ್ಲ. ಕೊಡುವುದಿಲ್ಲ ಅಂದದ್ದನ್ನು ನಾನೂ ನಮ್ಮ ಅತ್ತೆಯೂ ಹಾರೆ ಹಿಡಿದು ತೆಗೆದುಕೊಂಡೆವು.

ಎಪ್ಪತ್ತರ ದಶಕದ ನಡುವಿನ ಮಾತು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು, ನಮ್ಮ ಯಜಮಾನರು, ಅತ್ತೆ, ತೊಟ್ಟಿಲಲ್ಲಿ ಒಂದು ಹೆಣ್ಣುಮಗು. ನಡುಮನೆಯ ತುಂಬ ಮಾವನವರ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕಾಲುಮಣೆ ತುಳಿಯುತ್ತ ನೇಯುವ ಮಗ್ಗ ಅದು. ಮಾವ ತೀರಿಕೊಂಡ ಮೇಲೆ ನಮ್ಮ ಯಜಮಾನರು ಅದನ್ನು ಮುಟ್ಟಲಿಲ್ಲ. ಅವರು ಆಗಲೇ ಬೇರೆಯವರ ಪವರ್‌ಲೂಮಿನಲ್ಲಿ ಪಾಳಿ ಕೆಲಸಕ್ಕೆ ಸೇರಿದ್ದರು. ಮಗ್ಗದ ಮೇಲೆ ಜೇಡ ಬಲೆ ಕಟ್ಟುವುದನ್ನು ನೋಡಲಾರದೆ ಒಂದು ದಿನ ನಾನೇ ಹೋಗಿ ಕೂತೆ. ಕೂತವಳು ಏಳಲಿಲ್ಲ.

ನನಗೂ ಅತ್ತೆಗೂ ಎಣ್ಣೆ ಸೀಗೆಕಾಯಿ. ಸಾರಿಗೆ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು, ಬಾಗಿಲಿಗೆ ನೀರು ಹಾಕಿದ್ದು ತಡವಾಯಿತು, ಏನಾದರೊಂದು ಇದ್ದೇ ಇರುತ್ತಿತ್ತು. ಮಗ್ಗದ ಹತ್ತಿರ ಮಾತ್ರ ಜಗಳವಿಲ್ಲ. ಅವರು ಪಕ್ಕದಲ್ಲಿ ಕೂತು, ಎಳೆಗಳ ನಡುವೆ ಓಡುವ ಲಾಳಿಯ ಕಂಡಿಕೆಗೆ ರಾಟೆಯಲ್ಲಿ ರೇಷ್ಮೆ ಸುತ್ತಿ ಕೊಡುವರು, ಇನ್ನೊಂದು ಕೈಯಲ್ಲಿ ತೊಟ್ಟಿಲ ಹಗ್ಗ. ಮಗು ಅತ್ತರೆ ನಾನು ಎದ್ದು ಹಾಲು ಕುಡಿಸಿ, ಒಲೆಯ ಮೇಲಿನ ಎಸರು ನೋಡಿ ಮತ್ತೆ ಗುಂಡಿಗೆ ಕಾಲಿಡುತ್ತಿದ್ದೆ. ನಾನು ನೇಯ್ದ ಸೀರೆಯನ್ನು ಅತ್ತೆ ಯಾವತ್ತೂ ಹೊಗಳಲಿಲ್ಲ. ಬೀದಿಯ ಹೆಂಗಸರ ಮುಂದೆ ಮಾತ್ರ ಮಡಿಕೆ ಬಿಚ್ಚಿ ಬಿಚ್ಚಿ ತೋರಿಸುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಆಗ ಊರಿಗೆಲ್ಲ ಪವರ್‌ಲೂಮಿನ ಹುಚ್ಚು ಹಿಡಿದಿತ್ತು. ಬಾಡಿಗೆಗೆ ಮನೆ ಕೊಡುವುದಕ್ಕಿಂತ ಅಲ್ಲೇ ಲೂಮು ಹಾಕಿದರೆ ಲಾಭ ಅಂತ ಮಾಲೀಕರಿಗೆ ತಿಳಿಯಿತು. ನಮ್ಮ ಬೀದಿಯಲ್ಲಿ ಒಂದೊಂದೇ ಮನೆಯಿಂದ ಕೈಮಗ್ಗಗಳು ಎದ್ದವು. ನಮ್ಮ ಮಾಲೀಕರೂ ಯುಗಾದಿ ಕಳೆಯುತ್ತಲೇ ಮನೆ ಬಿಡಿ ಅಂದರು. ಎಲ್ಲಿಗೆ ಹೋಗುವುದು? ಮಗ್ಗ ಇಡುತ್ತೇವೆ ಅಂದರೆ ನೆಲ ಅಗೆಯಲು ಒಪ್ಪಿ ಮನೆ ಕೊಡುವವರು ಯಾರು?

ಅಂಥ ಹೊತ್ತಿನಲ್ಲಿ ಊರಿನ ವ್ಯಾಪಾರಿಗಳು ಸೇರಿ ನೇಕಾರರಿಗೆ ಮನೆ ಕಟ್ಟಿಸುತ್ತಾರಂತೆ ಅಂತ ಸುದ್ದಿ ಬಂತು. ಮುಂದೆ ನಿಂತವರು ಸೀರೆ ಸಾಹುಕಾರರು. ನಮಗೆ ರೇಷ್ಮೆ ಕೊಡುವವರೂ ಅವರೇ, ನೇಯ್ದ ಸೀರೆ ಕೊಳ್ಳುವವರೂ ಅವರೇ. ಇಟ್ಟಿಗೆ ಗೂಡಿನವರು ಇಟ್ಟಿಗೆ ಕೊಡುವುದು, ಸಾಹುಕಾರರು ಮಂಗಳೂರು ಹೆಂಚು ತರಿಸುವುದು, ಮರದ ಡಿಪೋ ಸಾಹೇಬರು ಬಾಗಿಲು ಕಿಟಕಿ ಮಾಡಿಸುವುದು ಅಂತ ಮಾತಾಯಿತು. ಊರ ಹೊರಗೆ, ಮಾಕಳಿದುರ್ಗದ ಬೆಟ್ಟ ಕಾಣುವ ಕಡೆ, ಕಲ್ಲುನೆಲ ಸಿಕ್ಕಿತು. ಪ್ರತಿ ಮನೆಯವರೂ ಬಂದು ಕೈಜೋಡಿಸಬೇಕು, ಉಳಿದ ಕೆಲಸಕ್ಕೆ ಬೆಂಗಳೂರಿನಿಂದ ಶ್ರಮದಾನದ ಹುಡುಗರು. ನಾನು ಕಲ್ಲು ಹೊತ್ತೆ, ಮಣ್ಣು ಹೊತ್ತೆ, ಸಂತೋಷದಿಂದಲೇ ಹೊತ್ತೆ. ನಮ್ಮದೂ ಒಂದು ಮನೆ ಆಗುತ್ತದೆ ಅಂದರೆ ತಲೆಯ ಮೇಲಿನ ಮಂಕರಿಗೆ ಭಾರವೇ ಇರುವುದಿಲ್ಲ.

ಆ ಹುಡುಗರು ಒಳ್ಳೆಯವರು. ಮಧ್ಯಾಹ್ನ ನಾವು ಕೊಟ್ಟ ಮುದ್ದೆಯನ್ನು ಚೂಯಿಂಗ್ ಗಮ್ಮಿನಂತೆ ಅಗಿಯುತ್ತ ಕೂರುತ್ತಿದ್ದರು.

"ಅಗೀಬಾರ್ದು ಕಣ್ರಪ್ಪಾ, ನುಂಗ್ಬೇಕು" ಅಂತ ಅತ್ತೆ ಹೇಳಿದರೆ, ಅವರ ಮುಖಂಡ, ಕನ್ನಡಕದ ಹುಡುಗ, "ನುಂಗಿದ್ರೆ ಗಂಟಲಲ್ಲೇ ನಿಂತ್ಕೊಳ್ಳತ್ತೆ ಅಜ್ಜಿ" ಅನ್ನುತ್ತಿದ್ದ.

ಗೋಡೆ ಎದೆಯೆತ್ತರಕ್ಕೆ ಬಂದಾಗ ನಾನು ಮನೆಯಿಂದ ಒಂದು ದಾರ ತಂದೆ. ಮಗ್ಗದ ಉದ್ದಕ್ಕೆ ಅಳೆದ ದಾರ. ನಮಗೆ ಗೊತ್ತುಮಾಡಿದ ಮನೆಯೊಳಗೆ ಅದನ್ನು ಹಿಡಿದು ನೋಡಿದರೆ ಯಾವ ಕಡೆಗೂ ಹೊಂದಲಿಲ್ಲ. ಒಂದು ಕಡೆ ಅಡಿಗೆಮನೆಯ ಬಾಗಿಲು ಅಡ್ಡ ಬರುತ್ತಿತ್ತು, ಇನ್ನೊಂದು ಕಡೆ ಬೀದಿಬಾಗಿಲು. ಕನ್ನಡಕದ ಹುಡುಗನನ್ನು ಕರೆದು, "ಮಗ್ಗ ಎಲ್ಲಪ್ಪಾ ಇಡೋದು?" ಅಂದೆ.

"ಮಗ್ಗ ಮನೇಲಿ ಇಲ್ಲ ಅಕ್ಕಾ. ಬೀದಿ ಕೊನೇಲಿ ಸಾಹುಕಾರ್ರು ದೊಡ್ಡ ಶೆಡ್ ಕಟ್ಟಿಸ್ತಾರೆ. ಎಲ್ಲಾರ ಮಗ್ಗನೂ ಅಲ್ಲೇ. ಮನೇಲಿ ಧೂಳು, ಗದ್ದಲ ಇರಲ್ಲ. ಆರಾಮಾಗಿ ಇರಬಹುದು."

ಪಾಪ, ಅವನು ಕೇಳಿದ್ದನ್ನು ನಂಬಿದ್ದ. ಮನೆ ಅಂದರೆ ಉಂಡು ಮಲಗುವ ಜಾಗ ಅಂತಲೇ ಅವನಿಗೆ ಗೊತ್ತಿದ್ದದ್ದು. ನಾನು ದಾರ ಸುತ್ತಿಕೊಂಡು ಲೆಕ್ಕ ಹಾಕಿದೆ. ರೇಷ್ಮೆ ಸಾಹುಕಾರರದು, ಸೀರೆ ಸಾಹುಕಾರರದು. ಮಗ್ಗ ಮಾತ್ರ ನಮ್ಮದು; ಸ್ವಂತ ಮನೆಯಾದರೆ ಅದು ನಿಲ್ಲುವ ನೆಲವೂ ನಮ್ಮದಾಗುವುದಿತ್ತು. ಶೆಡ್ಡಿಗೆ ಹೋದರೆ ನೆಲವೂ ಅವರದು, ಬಾಗಿಲು ತೆಗೆಯುವ ಹೊತ್ತೂ ಅವರದು. ಬೇಡವೆನಿಸಿದವರನ್ನು ಹೊರಗೆ ನಿಲ್ಲಿಸಿದರೆ ಕೇಳುವವರಿಲ್ಲ. ಶೆಡ್ಡಿಗೆ ಹೆಂಗಸರು ಬರುವುದು ಬೇಡ ಅಂತಲೂ ಆಗಲೇ ಮಾತಾಗಿತ್ತಂತೆ. ಅಂದರೆ ನಮ್ಮ ಮಗ್ಗ ಅಲ್ಲಿಗೆ ಹೋಗುತ್ತದೆ, ಅದರ ಮುಂದೆ ಯಾರೋ ಕೂಲಿಯವನು ಕೂರುತ್ತಾನೆ, ನಾನು ಮನೆಯಲ್ಲಿ ಆರಾಮಾಗಿ ಇರುತ್ತೇನೆ.

ಮಾರನೆಯ ದಿನ ಕೆಲಸ ನೋಡಲು ಸಾಹುಕಾರರು ಬಂದಾಗ ಎಲ್ಲರ ಎದುರಿಗೇ ಕೇಳಿದೆ: "ಮಗ್ಗ ನಮ್ಮ ಮನೇಲೇ ಇರ್ಲಿ ಸಾವ್ಕಾರ್ರೇ. ಇಕ್ಕಟ್ಟಾದ್ರೂ ನಾವು ಹೊಂದ್ಕೋತೀವಿ."

ಅವರಿಗೆ ನಗು ಬಂತು. "ಏನಮ್ಮಾ, ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತೀಯಲ್ಲ?"

"ಹಲ್ಲು ಎಣಿಸ್ತಿಲ್ಲ ಸಾವ್ಕಾರ್ರೇ. ಹಗ್ಗ ಯಾರ ಕೈಲಿರತ್ತೆ ಅಂತ ಕೇಳ್ತಿದೀನಿ."

ಸಾಹುಕಾರರ ನಗು ನಿಂತಿತು. "ಗುಂಡಿ ತೋಡಿದ ಮನೆ ಮೇಲೆ ನನ್ನ ಹೆಂಚು ಹತ್ತಲ್ಲ" ಅಂದವರೇ ಹೊರಟುಹೋದರು.

ಮನೆಗೆ ಬಂದರೆ ಸುದ್ದಿ ಆಗಲೇ ಮುಟ್ಟಿತ್ತು, ಯಜಮಾನರ ಮುಖ ಸಣ್ಣಗಾಗಿತ್ತು. "ಸುಮ್ನೆ ಇರ್ಬಾರ್ದೇನೇ? ಉಂಡ ಮನೆಗೆ ಎರಡು ಬಗೀಬಾರ್ದು."

"ಉಂಡಿದ್ದು ಎಲ್ಲಿ? ಎಲೆ ಹಾಕೋಕ್ ಮುಂಚೆ ಕೈ ಕಟ್ತಿದಾರೆ" ಅಂದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಅತ್ತೆ ತೊಟ್ಟಿಲ ಹಗ್ಗ ಎಳೆಯುತ್ತ ಕೂತೇ ಇದ್ದರು. ಮಗನ ಪರ ಅಲ್ಲದೆ ಇನ್ನು ಯಾರ ಪರ ಅಂತ ನಾನೂ ಬಿಟ್ಟುಬಿಟ್ಟೆ.

ಬೆಳಿಗ್ಗೆ ಯಜಮಾನರು ಪಾಳಿಗೆ ಹೋದ ಮೇಲೆ ನೋಡುತ್ತೇನೆ, ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ. ಸೊಂಟದ ಮೇಲೆ ಮಗು, ಹೆಗಲ ಮೇಲೆ ಹಾರೆ.

"ಏನೇ ಹಂಗ್ ನೋಡ್ತೀಯ? ಮಂಕರಿ ಎತ್ಕೊ."

ಹೋಗಿ ಅಗೆದೆವು. ಗಟ್ಟಿ ಕೆಂಪು ಗೊರಚಲು ನೆಲ, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ನೀರು ಸುರಿದು, ನೆನೆಯಲು ಬಿಟ್ಟು, ಮತ್ತೆ ಅಗೆದೆವು. ಅಲ್ಲೂ ಜಗಳ. ನಾನು ಗೋಡೆಯ ಪಕ್ಕಕ್ಕೆ ಗುರುತು ಹಾಕಿದರೆ ಅತ್ತೆ ಕಾಲಲ್ಲಿ ಅಳಿಸಿ, "ಕಿಟಕಿ ಬೆಳಕು ಎಳೆ ಮೇಲೆ ಬೀಳಬೇಕು ಕಣೇ, ನಿನ್ನ ನೆತ್ತಿ ಮೇಲಲ್ಲ" ಅಂದರು. ಮಗ್ಗವನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಹಾಕಿದರೆ ಹಿಡಿಸುತ್ತದೆ ಅಂತ ಕೊನೆಗೆ ಅವರೇ ಕಂಡುಹಿಡಿದರು. ಓರೆ ಮಗ್ಗ ನಾನೆಲ್ಲೂ ನೋಡಿರಲಿಲ್ಲ. ಮಲಗುವುದು ಎಲ್ಲಿ ಅಂದೆ. "ಹಾಸಿನ ಕೆಳಗೆ. ನಿನ್ ಗಂಡನ್ನ ನಾನು ಮಲಗಿಸಿ ಬೆಳೆಸಿದ್ದು ಅಲ್ಲೇ" ಅಂದರು. ಮಗ್ಗಕ್ಕೆ ಬಿಗಿದ ಎಳೆಗಳ ಅಡಿಯಲ್ಲಿ ಅಂತ ಅದರರ್ಥ.

ಪಕ್ಕದ ಮನೆಯ ಹೆಂಗಸು ಬಂದು ಬಾಯಿಗೆ ಬಂದಂತೆ ಬೈದಳು. "ನಿಮ್ಮಿಬ್ಬರ ಹಟಕ್ಕೆ ನಮ್ಮ ಮನೆ ಹೆಂಚೂ ಹೋಗತ್ತೆ. ನನ್ನ ಮಕ್ಕಳನ್ನ ಮಳೇಲಿ ಮಲಗಿಸ್ಲಾ?" ಅಂದಳು. ಧೈರ್ಯ ಅಂತ ಈಗ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಅವತ್ತು ಭಯವೇ ಇತ್ತು. ಮನೆಯೂ ಹೋಗಿ ಮಗ್ಗವೂ ಹೋದರೆ ಈ ಮಗುವನ್ನು ಎತ್ತಿಕೊಂಡು ಯಾವ ಛತ್ರಕ್ಕೆ ಹೋಗಲಿ ಅಂತಲೇ ಯೋಚನೆ. ಆದರೂ ಹಾರೆ ಬಿಡಲಿಲ್ಲ, ಯಾಕೆಂದರೆ ಸಿಟ್ಟು ಭಯಕ್ಕಿಂತ ದೊಡ್ಡದಾಗಿತ್ತು.

ಗೋಡೆ ಪೂರ್ತಿ ಎದ್ದ ಮೇಲೆ ನೆಲಕ್ಕೆ ಚಪ್ಪಡಿ ಹಾಸಲು ಹುಡುಗರು ಬಂದರು. ಕನ್ನಡಕದವನು ತಲೆ ತಗ್ಗಿಸಿ, "ಅಕ್ಕಾ, ಗುಂಡಿ ಮುಚ್ಚಿ ಮೇಲೆ ಹಾಸ್ಬೇಕು ಅಂತ ಹೇಳಿ ಕಳ್ಸಿದಾರೆ" ಅಂದ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಡಿಗೆ ಇಳಿದು ಕೂತರು. ಹೊರಗೆ ಕಾಣುತ್ತಿದ್ದದ್ದು ಅವರ ತಲೆ, ಭುಜ ಅಷ್ಟೇ. "ಹಾಸ್ರಪ್ಪಾ. ನನ್ ತಲೆ ಮೇಲೇ ಹಾಸಿ" ಅಂದರು.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕನ್ನಡಕದವನು ಗುಂಡಿಯ ಅಂಚಿಗೆ ಬಂದು ಕೂತು ಕಾಲು ಇಳಿಬಿಟ್ಟ. ಅಲ್ಲಿಂದ ಕಿಟಕಿ ನೋಡಿದ, ಅಡಿಗೆಮನೆ ನೋಡಿದ, ನನ್ನ ಕಂಕುಳಲ್ಲಿದ್ದ ಮಗುವನ್ನು ನೋಡಿದ. ಆಮೇಲೆ, "ಅಕ್ಕಾ, ಕೂರೋ ಜಾಗಕ್ಕೆ ನುಣ್ಣಗಿರೋ ಕಲ್ಲು ಹಾಕ್ಲಾ?" ಅಂತ ಕೇಳಿದ. ನನಗೆ ಅಳು ಬಂದುಬಿಟ್ಟಿತು. ಗುಂಡಿಯ ಸುತ್ತ ಅಂದವಾಗಿ ಚಪ್ಪಡಿ ಹಾಸಿದರು. ಸಾಹುಕಾರರು ಅವನ ಮೇಲೆ ಕೂಗಾಡಿದರಂತೆ. "ನಾವು ನೆಲ ಹಾಸೋಕೆ ಬಂದೋರು ಸರ್, ಗುಂಡಿ ಮುಚ್ಚೋಕಲ್ಲ" ಅಂದನಂತೆ.

ಬಾಗಿಲು ಬರುವುದಿಲ್ಲ ಅಂತಲೇ ತಿಳಿದಿದ್ದೆವು. ಡಿಪೋ ಸಾಹೇಬರು ತಾವೇ ಗಾಡಿ ಜೊತೆ ಬಂದರು. "ನಾನು ಬಾಗ್ಲು ಕೊಟ್ಟಿರೋದು ಮನೆಗೆ. ಒಳಗೆ ಗುಂಡಿ ಐತೋ ಬಾವಿ ಐತೋ, ನನಗ್ಯಾಕಮ್ಮಾ?" ಅಂದು ಮುಂದೆ ನಿಂತು ಕೂರಿಸಿದರು. ಹೆಂಚು ಮಾತ್ರ ನಮ್ಮ ಮನೆ ಬಿಟ್ಟು ಎಲ್ಲ ಮನೆಗೂ ಹತ್ತಿತು. ಸಾಹುಕಾರರು ನನಗೆ ರೇಷ್ಮೆ ಕೊಡುವುದನ್ನೂ ನಿಲ್ಲಿಸಿದರು. ಸಹಕಾರ ಸಂಘದ ಬಾಗಿಲು ಸವೆಸಿ ಹತ್ತಿ ನೂಲು ತಂದೆ. ರೇಷ್ಮೆ ನೇಯ್ದ ಕೈ ಟವಲು ನೇಯ್ದಿತು. ಏನೀಗ? ನೇಯ್ದಿತು ತಾನೇ!

ಒಂದು ಸಂಜೆ ಯಜಮಾನರು ಸೈಕಲ್ಲಿನ ಹಿಂದೆ ತೆಂಗಿನ ಗರಿಯ ಹೊರೆ ಕಟ್ಟಿಕೊಂಡು ಬಂದರು. ತಾವೇ ಮೇಲೆ ಹತ್ತಿ ಹೊದಿಸಿದರು. ಬೀಗದ ಕೈಗೆ ಕಾಯದೆ ಮಗ್ಗ ಸಮೇತ ಒಳಗೆ ಸೇರಿಕೊಂಡೆವು. ಆ ಮಳೆಗಾಲವೆಲ್ಲ ಗರಿಯ ಸೂರಿನಡಿಯೇ ಕಳೆದೆವು. ಹನಿ ಬಿದ್ದರೆ ಮೊದಲು ಮಗ್ಗಕ್ಕೆ ಗೋಣಿಚೀಲ, ಆಮೇಲೆ ನಮ್ಮ ತಲೆಗೆ.

ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶೆಡ್ಡಿಗೆ ಹೋದ ಮಗ್ಗಗಳು ಬಹಳ ಕಾಲ ಅಲ್ಲಿ ಉಳಿಯಲಿಲ್ಲ. ಸಾಹುಕಾರರು ಅಲ್ಲಿ ಪವರ್‌ಲೂಮು ಹಾಕಿ, ಕೈಮಗ್ಗಗಳನ್ನು ಹೊರಗೆ ಬಯಲಲ್ಲಿ ಇಡಿಸಿದರು. ಆಗ ನನ್ನನ್ನು ಬೈದಿದ್ದ ಪಕ್ಕದ ಮನೆಯವಳೇ ಬಂದು, ಓರೆಯಾಗಿ ಗುಂಡಿ ತೋಡುವುದು ಹೇಗೆ ಅಂತ ಅತ್ತೆಯನ್ನು ಕೇಳಿದಳು. ಅತ್ತೆ ಹೋಗಿ ಗುರುತು ಹಾಕಿಕೊಟ್ಟು, ಅವಳನ್ನು ಚೆನ್ನಾಗಿ ಬೈದು ಬಂದರು.

ಆದರೆ ನನ್ನ ಮನಸ್ಸಿನಲ್ಲಿ ಕಚ್ಚಿಕೊಂಡಿರುವುದು ಮನೆಗಳನ್ನು ಒಪ್ಪಿಸಿದ ದಿನ. ಬೀದಿಯ ಕೊನೆಯಲ್ಲಿ ಶಾಮಿಯಾನ, ಮೈಕು, ಬೆಂಗಳೂರಿನಿಂದ ಬಂದ ದೊಡ್ಡ ಅಧಿಕಾರಿ. ತಟ್ಟೆಯಲ್ಲಿ ಅರಿಶಿನ ಕುಂಕುಮದ ಜೊತೆ ಬೀಗದ ಕೈಗಳು. ಒಬ್ಬೊಬ್ಬರ ಹೆಸರು ಕೂಗಿ ಕೊಡುತ್ತಿದ್ದರು. ನಮ್ಮ ಹೆಸರು ಕೂಗುವುದಿಲ್ಲ ಅಂತ ಗೊತ್ತಿತ್ತು, ಹೋಗಲಿಲ್ಲ. ನಾನು ಮಗ್ಗಕ್ಕೆ ಕೂತೆ. ಬೇಕೆಂತಲೇ ಕೂತೆ. ಮಗ್ಗದ ಸದ್ದು ಆ ಬಯಲಲ್ಲಿ ಚೆನ್ನಾಗಿ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಸಾಹುಕಾರರ ಗುಮಾಸ್ತರು ಬೆವರು ಒರೆಸಿಕೊಳ್ಳುತ್ತ ಬಂದರು. ಅತ್ತೆ ಹೊಸ್ತಿಲ ಮೇಲೆ ಕಂಡಿಕೆ ಸುತ್ತುತ್ತ ಕೂತಿದ್ದರು.

"ಅಮ್ಮಾ, ಭಾಷಣ ನಡೀತಿದೆ, ಮಗ್ಗ ನಿಲ್ಸಬೇಕಂತೆ. ಗುಂಡಿ ಮುಚ್ಚೋಕೆ ಒಪ್ಕೊಂಡ್ರೆ ನಿಮಗೂ ಇವತ್ತೇ ಬೀಗದ ಕೈ ಕೊಡ್ತಾರಂತೆ. ಹೆಂಚೂ ಹಾಕಿಸ್ತಾರಂತೆ."

ನನ್ನ ಕಾಲು ನಿಂತಿತು. ಮೇಲೆ ಗರಿಯ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು, ಮಗುವಿಗೆ ನಾಲ್ಕು ದಿನದಿಂದ ನೆಗಡಿ. ಒಂದು ಗಳಿಗೆ, ಒಪ್ಪಿಕೊಂಡುಬಿಡಲಾ ಅಂತ ಅನ್ನಿಸಿತು.

ಅತ್ತೆ ರಾಟೆ ನಿಲ್ಲಿಸದೆಯೇ ಅಂದರು: "ಬೀಗದ ಕೈ ಹೊರಗಿರೋರಿಗೆ ಬೇಕಪ್ಪಾ. ನಾವು ಒಳಗಿದೀವಿ." ಆಮೇಲೆ ನನ್ನ ಕಡೆ ತಿರುಗಿದರು. "ನಿನಗೇನಾಯ್ತೇ? ನಿಲ್ಸು ಅಂತ ನಾನು ಹೇಳಿದ್ನಾ?"

ನಾನು ಕಾಲುಮಣೆ ತುಳಿದು ಲಾಳಿ ಎಸೆದೆ.