ಎಂಟರಲ್ಲಿ ಎರಡೇ ಹಾಡು

ಆ ಸಂಜೆಯ ಅನ್ಯಾಯವನ್ನು ಅನುಭವಿಸಿದವರು ಇಬ್ಬರು: ಹಾಡು ಬರೆದು ತಾನೇ ಹಾಡುವ ನನ್ನ ಗೆಳತಿ, ಮತ್ತು ಆಕೆಯ ಸೋದರತ್ತೆ. ಎಂಟು ಹಾಡುಗಳ ಆಲ್ಬಮ್ಮಿನ ಬಿಡುಗಡೆಯಲ್ಲಿ ಗೆಳತಿ ಎರಡೇ ಹಾಡು ಹಾಡಿ ಗಿಟಾರನ್ನು ಚೀಲಕ್ಕೆ ಸೇರಿಸಬೇಕಾಯಿತು. ತನ್ನನ್ನು ಕುರಿತು ಬರೆದ ಎಂಟನೆಯ ಹಾಡನ್ನು ಕೇಳಲು ಬೆಂಗಳೂರಿನ ಅಂಚಿನ ಉಲ್ಲಾಳದಿಂದ ಎರಡು ಬಸ್ಸು ಬದಲಿಸಿ ಬಂದಿದ್ದ ಅತ್ತೆ, ಅದನ್ನು ಕೇಳದೆಯೇ ಹಿಂದಿರುಗಿದರು. ಉಳಿದ ನಾವೆಲ್ಲ ಖಾರಾಬಾತು ತಿಂದು ಸಂತುಷ್ಟರಾಗಿ ಮನೆಗೆ ಹೋದೆವು. ಅನ್ಯಾಯ ಮಾಡಿದವರೂ ನಾವೇ.

ಗೆಳತಿ ಬಸವೇಶ್ವರನಗರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಮೂಡಲಪಾಳ್ಯದ ಮನೆಯಿಂದ ಶಾಲೆಗೆ ಹೋಗಿಬರುವ ಬಸ್ಸಿನಲ್ಲಿ ಕೂತು ಮೂರು ವರ್ಷಗಳಲ್ಲಿ ಆ ಹಾಡುಗಳನ್ನು ಬರೆದಳು. ಆಕೆಗೆ ಹಾಡುವುದನ್ನು ಕಲಿಸಿದವರು ಅತ್ತೆ. ಅದೂ ಅಡುಗೆಮನೆಯಲ್ಲಿ, ಕುಕ್ಕರಿನ ಸೀಟಿಯ ಮರೆಯಲ್ಲಿ. ಆ ಮನೆಯಲ್ಲಿ ಹೆಂಗಸಿನ ಹಾಡು ಹಜಾರದವರೆಗೆ ಕೇಳಿಸಬಾರದಿತ್ತು. ಇದು ಮೊದಲನೆಯ ಅನ್ಯಾಯ. ಉಳಿದವೆಲ್ಲ ಇದನ್ನು ಸರಿಪಡಿಸುವ ಸದುದ್ದೇಶದಿಂದಲೇ ನಡೆದವು.

"ಆ ಎಂಟನೇದನ್ನ ಅತ್ತೆಗೆ ಮನೇಲೇ ಒಂದ್ಸಲ ಹಾಡಿ ಕೇಳಿಸ್ಬಿಡೇ" ಎಂದು ನಾನು ಹೇಳಿದ್ದುಂಟು.

"ಅಡುಗೆಮನೇಲಿ ಹಾಡಿದ್ದು ಸಾಕು ಕಣೇ. ನಾಲ್ಕು ಜನದ ಮಧ್ಯೆ ಕೂರಿಸಿ ಕೇಳಿಸ್ಬೇಕು ಅತ್ತೆಗೆ" ಎಂದಳು.

ರಾಜಾಜಿನಗರದ ಅಡ್ಡರಸ್ತೆಯೊಂದರ ರೆಕಾರ್ಡ್ ಅಂಗಡಿ ಗೊತ್ತಾಯಿತು. ಅದರ ಮಾಲೀಕರು ಹಳೆಯ ಎಲ್‌ಪಿಗಳನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತುವ ಮನುಷ್ಯ. ಅವರದು ಒಂದೇ ಷರತ್ತು: ಮಹಡಿಯ ಮೇಲೆ ಟ್ಯೂಷನ್ ನಡೆಯುವುದರಿಂದ ಏಳು ಗಂಟೆಯಾದ ಮೇಲೆ ಒಂದು ಸ್ವರವೂ ಹೊರಡಕೂಡದು. ಐದರಿಂದ ಏಳರವರೆಗೆ ಅಂಗಡಿ ನಮ್ಮದು. ಎಂಟು ಹಾಡಿಗೆ ನಲವತ್ತು ನಿಮಿಷ ಸಾಕಿತ್ತು.

ಕಾರ್ಯಕ್ರಮದ ರೂಪುರೇಷೆ ನನ್ನದು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಮುಖ್ಯ ಅತಿಥಿ, ಈ ನಾಲ್ಕನ್ನೂ ನಾನು ನಿಷೇಧಿಸಿದ್ದೆ. ಹಾಡುವವಳ ಸಂಜೆಯನ್ನು ಕೇಳಲು ಬಂದ ಗಣ್ಯರು ಕಬಳಿಸುವುದು ನಮ್ಮೂರಿನ ಸಭಾಸಂಸ್ಕೃತಿಯ ಹಳೆಯ ದೌರ್ಜನ್ಯವೆಂದು ನಾನು ಈಗಲೂ ನಂಬಿದ್ದೇನೆ. ಆದರೆ ಕುರ್ಚಿಗಳು ಬೇಕಿದ್ದವು. ಬಡಾವಣೆಯ ನಿವಾಸಿಗಳ ಸಂಘ ಕುರ್ಚಿ ಕಳುಹಿಸಿತು. ಕುರ್ಚಿಗಳ ಬೆನ್ನಿಗೇ ಸಂಘದ ಅಧ್ಯಕ್ಷರೂ ಬಂದರು. ನಿವೃತ್ತ ಗೆಜೆಟೆಡ್ ಅಧಿಕಾರಿ, ಮೃದುಭಾಷಿ, ಯಾರಿಗೂ ಕೇಡು ಬಯಸದವರು. ನೇರವಾಗಿ ಮುಂದೆ ಹೋಗಿ ಜನರತ್ತ ಮುಖಮಾಡಿ ಕುಳಿತರು.

ಈ ಶ್ರೇಣೀಕರಣವನ್ನು ನಾನು ಸಹಿಸಲಿಲ್ಲ. ನಾನು ಓದಿದ ಶಾಲೆಯಲ್ಲಿ ಬೆಂಚುಗಳಿರಲಿಲ್ಲ. ಎಲ್ಲರೂ ವೃತ್ತವಾಗಿ ಕೂತು, ಪ್ರತಿಯೊಬ್ಬರೂ ತಮ್ಮ ಪರಿಚಯ ಹೇಳಿಕೊಂಡ ಮೇಲೆಯೇ ಪಾಠ ಆರಂಭವಾಗುತ್ತಿತ್ತು. ಅದೇ ಕ್ರಮವನ್ನು ಇಲ್ಲಿಯೂ ಜಾರಿಗೆ ತಂದೆ. ಮಕ್ಕಳು ತಮ್ಮ ಹೆಸರನ್ನಷ್ಟೇ ಹೇಳುತ್ತಾರೆ. ರಾಜಾಜಿನಗರದ ಹಿರಿಯರು ವಿಳಾಸದಿಂದ ಆರಂಭಿಸುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ.

"ನಮ್ದು ಥರ್ಡ್ ಬ್ಲಾಕು. ಮೊದ್ಲು ಫಸ್ಟ್ ಬ್ಲಾಕಲ್ಲಿ ಬಾಡಿಗೆಗಿದ್ವಿ. ಆಗ ನೀರು ದಿನ ಬಿಟ್ಟು ದಿನ ಬರ್ತಿತ್ತು..."

"ಈಗ ದಿನಾ ಬರತ್ತಾ ಸಾರ್ ನಿಮ್ಗೆ? ಯಾವ ಕ್ರಾಸು? ನಾನೂ ಅಲ್ಲಿಗೇ ಬಂದ್ಬಿಡ್ತೀನಿ!" ಎಂದಿತು ಇನ್ನೊಂದು ಕುರ್ಚಿ.

"ದಯವಿಟ್ಟು ಅವ್ರಿಗೆ ಮಾತು ಮುಗಿಸೋಕೆ ಬಿಡಿ" ಎಂದು ಅವರ ಹಕ್ಕನ್ನು ಎತ್ತಿಹಿಡಿದೆ ನಾನು. ಅವರು ಮುಗಿಸಿದರು. ಮೂವತ್ತೈದು ಜನರೂ ಮುಗಿಸಿದರು. ಸೈಟು ಸಿಕ್ಕಿದ್ದು, ಮಂಡಿ ಆಪರೇಷನ್ನು, ಮಗಳ ಕಂಪನಿ, ಎಲ್ಲವೂ ಬಂದವು. ಕೊನೆಗೆ ಅತ್ತೆಯ ಸರದಿ ಬಂದಾಗ ಅವರು ಸೆರಗು ಸರಿಮಾಡಿಕೊಂಡು, "ನಾನು ಇವಳ ಅತ್ತೆ. ಹಾಡು ಕೇಳೋಕ್ ಬಂದೆ" ಎಂದು ಕೂತರು. ಆಗ ಗಡಿಯಾರ ಆರೂ ಹತ್ತು ತೋರಿಸುತ್ತಿತ್ತು.

ಅನಂತರ ಬಿಡುಗಡೆ. ಚಿನ್ನದ ಬಣ್ಣದ ಕಾಗದದಲ್ಲಿ ಸುತ್ತಿದ ಎಲ್‌ಪಿಯನ್ನು ಅಧ್ಯಕ್ಷರು ಬಿಚ್ಚಿ ಎದೆಯ ಮಟ್ಟಕ್ಕೆ ಹಿಡಿದರು. ಸಂಘದ ಕಡೆಯಿಂದ ಬಂದಿದ್ದ ಫೋಟೋದವರು ಮೊಬೈಲು ನೋಡಿಕೊಂಡು, "ಸಾರ್, ಬಿಚ್ಚೋದು ಬಂದಿಲ್ಲ. ಇನ್ನೊಂದ್ಸಲ ಸುತ್ಕೊಡಿ" ಎಂದರು. ಮಾಲೀಕರು ಮತ್ತೆ ಸುತ್ತಿದರು. ಜಾರದಿರಲೆಂದು ಟೇಪು ಹೆಚ್ಚಾಗಿಯೇ ಹಾಕಿದರು. ಆ ಟೇಪನ್ನು ಬಿಡಿಸಲು ಮೂವರು ಬೇಕಾಯಿತು. ಒಬ್ಬ ಹೆಣ್ಣುಮಗಳ ಮೂರು ವರ್ಷದ ದುಡಿಮೆ ಹೀಗೆ ಎರಡು ಬಾರಿ ಬಿಡುಗಡೆಯಾಯಿತು.

ಆರೂವರೆಗೆ ಗೆಳತಿ ಹಾಡಿದಳು. ಮೊದಲನೆಯದು ಬೆಳಗಿನ ಬಸ್ಸಿನ ಹಾಡು, ಎರಡನೆಯದು ಭಾಗಾಕಾರ ಬಾರದ ಹುಡುಗಿಯೊಬ್ಬಳ ಹಾಡು. ಅತ್ತೆಯ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಗೆಳತಿ ಗಡಿಯಾರ ನೋಡಿ ನನ್ನ ಕಡೆ ಬಗ್ಗಿದಳು. "ಇನ್ನು ನೇರ ಎಂಟನೇದೇ ಹಾಡ್ತೀನಿ. ತಂತಿ ಬೇರೆ ಶ್ರುತಿಗೆ ಏರಿಸ್ಬೇಕು. ಎರಡೇ ನಿಮಿಷ, ಯಾರನ್ನೂ ಏಳೋಕ್ ಬಿಡ್ಬೇಡ."

ಆ ಎರಡು ನಿಮಿಷದಲ್ಲಿ ಅಧ್ಯಕ್ಷರು ಎದ್ದರು. ಗೆಳತಿ ಸಹಿ ಹಾಕಿಕೊಡಲೆಂದು ಎಲ್‌ಪಿಯ ಪ್ರತಿಗಳನ್ನು ಜೋಡಿಸಿಟ್ಟಿದ್ದ ಮೇಜಿನ ಮುಂದೆ ಕುಳಿತು, ಜೇಬಿನಿಂದ ಹಸಿರು ಶಾಯಿಯ ಪೆನ್ನು ತೆಗೆದು, ತಾವೇ ಸಹಿ ಹಾಕತೊಡಗಿದರು. ನಮ್ಮ ಜನ ಹಸಿರು ಶಾಯಿ ಕಂಡರೆ ಸಾಲು ನಿಲ್ಲದೆ ಇರಲಾರರು. ವೃತ್ತ ಕರಗಿ ಸಾಲಾಯಿತು. ಪ್ರತಿ ಕವರಿನ ಮೇಲೂ ಅವರ ಹೆಸರು, ನಿವೃತ್ತ ಹುದ್ದೆ, ದಿನಾಂಕ, ಮತ್ತು ಒಂದು ಒಕ್ಕಣೆ: "ಮೂಲ ಪ್ರತಿಯೊಂದಿಗೆ ತಾಳೆ ನೋಡಲಾಗಿದೆ."

ಮಾಲೀಕರು ಓಡಿಬಂದರು. "ಸಾರ್, ಸಾರ್! ಅದು ಹಾಡಿದವ್ರು ಸೈನ್ ಮಾಡೋದು ಸಾರ್."

"ಅದೆಂಗ್ರೀ ಆಗತ್ತೆ? ಅವ್ರದನ್ನ ಅವ್ರೇ ಅಟೆಸ್ಟ್ ಮಾಡೋಕೆ ಬರಲ್ಲ. ಬೇರೆಯವ್ರೇ ಮಾಡ್ಬೇಕು."

"ಈಗ ಸೆಲ್ಫ್ ಅಟೆಸ್ಟೇಶನ್ ನಡೆಯತ್ತೆ ಸಾರ್" ಎಂದಳು ಗೆಳತಿ, ತಂತಿ ತಿರುಗಿಸುತ್ತಲೇ.

"ನಡೆಯತ್ತಮ್ಮಾ. ನಂಬೋರು ಯಾರು?" ಎಂದರು ಅವರು ನಿಜವಾದ ಕಾಳಜಿಯಿಂದ.

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಎಂಟನೆಯ ಹಾಡು ನಡೆಯುತ್ತಿತ್ತು. ಸುಮ್ಮನಿರಲಿಲ್ಲ. ಹೆಣ್ಣಿನ ಸೃಷ್ಟಿಗೆ ಗಂಡಿನ ದೃಢೀಕರಣ ಬೇಡುವ ವ್ಯವಸ್ಥೆಯನ್ನು ಕುರಿತು ಮಾತನಾಡಿದೆ. ಅಡುಗೆಮನೆಯಲ್ಲಿ ಅಡಗಿಸಿಟ್ಟ ದನಿಗಳನ್ನು ಕುರಿತು, ಅತ್ತೆಯ ಹೆಸರೆತ್ತಿಯೇ ಮಾತನಾಡಿದೆ. ಅಧ್ಯಕ್ಷರು ಪೆನ್ನು ಮುಚ್ಚಿಟ್ಟು ತಲೆದೂಗಿ ಕೇಳಿದರು. ಕೊನೆಗೆ ಚಪ್ಪಾಳೆ ತಟ್ಟಿದವರಲ್ಲಿ ಅವರೇ ಮೊದಲಿಗರು. ಆ ಚಪ್ಪಾಳೆಯ ನಡುವೆ ಟ್ಯೂಷನ್ನಿನ ಮಕ್ಕಳು ದಡದಡನೆ ಮೆಟ್ಟಿಲು ಹತ್ತಿದರು. ಏಳು ಗಂಟೆ. ಮಾಲೀಕರು ಮೈಕಿನ ಸ್ವಿಚ್ಚು ಆರಿಸಿ ಕೈಮುಗಿದರು.

"ನೀನು ಹೇಳಿದ್ದೆಲ್ಲ ಸರೀನೇ ಕಣೇ" ಎಂದಳು ಗೆಳತಿ. "ಆದ್ರೆ ಹದಿನೈದು ನಿಮಿಷ ಹೇಳ್ದೆ. ಅತ್ತೆ ಹಾಡು ಐದೇ ನಿಮಿಷದ್ದು."

ಅತ್ತೆ ಹಸಿರು ಸಹಿಯ ಎಲ್‌ಪಿಯನ್ನು ಬ್ಯಾಗಿಗೆ ತುರುಕಲು ನೋಡಿ, ಹಿಡಿಸದೆ ಕಂಕುಳಲ್ಲಿ ಇಟ್ಟುಕೊಂಡರು. ಅವರ ಮನೆಯಲ್ಲಿ ಅದನ್ನು ನುಡಿಸುವ ಯಂತ್ರವಿಲ್ಲ. "ಫಂಕ್ಷನ್ ಚೆನ್ನಾಗಾಯ್ತು. ನನ್ ಮೇಲೆ ಅದೇನೋ ಹಾಡು ಕಟ್ಟಿದೀಯಂತಲ್ಲೇ, ಅದೆಲ್ಲಿ?"

"ಹಾಡ್ತೀನಿ ಅತ್ತೆ."

"ಯಾವಾಗ?"

ಗೆಳತಿ ನನ್ನನ್ನು ನೋಡಿದಳು.

ಆದ್ದರಿಂದ ಸಂಘದ ಅಧ್ಯಕ್ಷರಲ್ಲಿ, ಅಂಗಡಿಯ ಮಾಲೀಕರಲ್ಲಿ, ಮತ್ತು ಇವರಿಬ್ಬರಿಗಿಂತ ಹೆಚ್ಚು ಹೊಣೆಗಾರಳಾದ ನನ್ನಲ್ಲಿ ನನ್ನ ಆಗ್ರಹ ಇಷ್ಟು. ಬರುವ ಎರಡನೆಯ ಭಾನುವಾರ ಸಂಜೆ ಐದಕ್ಕೆ ಮಾಲೀಕರು ಅಂಗಡಿಯನ್ನು ಮತ್ತೊಮ್ಮೆ ಬಿಟ್ಟುಕೊಡಬೇಕು. ಅಧ್ಯಕ್ಷರು ಕುರ್ಚಿಗಳನ್ನು ಕಳುಹಿಸಿ, ತಾವು ಕೇಳುಗರಾಗಿ ಹಿಂದಿನ ಸಾಲಿನಲ್ಲಿ ಕೂರಬೇಕು. ನಾನು ಉಲ್ಲಾಳಕ್ಕೆ ಹೋಗಿ ಅತ್ತೆಯನ್ನು ಆಟೋದಲ್ಲಿ ಕರೆತಂದು, ಮುಂದಿನ ಕುರ್ಚಿಯಲ್ಲಿ ಕೂರಿಸಿ, ಸಭೆ ಮುಗಿಯುವವರೆಗೆ ಬಾಯಿ ತೆರೆಯಕೂಡದು. ಸ್ವಾಗತವಿಲ್ಲ, ಪರಿಚಯವಿಲ್ಲ. ಎಂಟನೆಯ ಹಾಡನ್ನು ಮೊದಲು ಹಾಡಿಸಬೇಕು.